ಬೀದಿಯವರ ಪರವಾಗಿ

“ನಿನ್ ಪರೀಕ್ಷೇಲಿ ಏನೂ ಇಲ್ಲ ಅಂತ ಬಂದಿತ್ತಲ್ಲವ್ವ?”

ಆಸ್ಪತ್ರೆಯಿಂದ ಬೈರಮಂಗಲಕ್ಕೆ ಹಿಂದಿರುಗಿ ಜಗಲಿಯ ಮೇಲೆ ಮಗ್ಗುಲಾಗಿದ್ದ ಮಾಯಮ್ಮ ಕೇಳಿದಳು. ದನಿಯಲ್ಲಿ ದೂರು ಇರಲಿಲ್ಲ. ಮಾತ್ರೆಯ ಚೀಲ ಹಿಡಿದು ನಿಂತಿದ್ದ ಭಾನುಪ್ರಿಯಳಿಗೆ ಅದನ್ನೇ ತಡೆಯಲಾಗಲಿಲ್ಲ, ಬೈದಿದ್ದರೂ ಚೆನ್ನಾಗಿತ್ತು. ಗರ್ಭಕೋಶದ ಬಾಯಲ್ಲಿ ಹುಟ್ಟಿದ ಕ್ಯಾನ್ಸರು ಮೂತ್ರಕೋಶಕ್ಕೂ ಹಬ್ಬಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿರುವುದು ಎಂದು ಡಾಕ್ಟರು ಹೇಳಿದ್ದರು. ಹೆತ್ತವ್ವ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಚಿಕ್ಕವ್ವನಿಗೆ ಅದನ್ನು ಯಾವ ಬಾಯಿಂದ ಹೇಳುವುದು?

ಹೇಳಬೇಕಾದವಳಾದರೂ ಯಾರು! ಈ ಕ್ಯಾನ್ಸರು ತರುವ ವೈರಸ್ಸಿನ ಬೆನ್ನು ಹತ್ತಿ ಹರೆಯವನ್ನೆಲ್ಲ ಬೆಂಗಳೂರಿನ ಲ್ಯಾಬಿನಲ್ಲಿ ಸವೆಸಿದವಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ. ಎರಡು ವರ್ಷದ ಹಿಂದೆ ಇದೇ ಕೆರೆಬೀದಿಯ ಹೆಂಗಸರಿಗೆ ಹತ್ತಿ ಸುತ್ತಿದ ಕಡ್ಡಿ, ಮುಚ್ಚಳವಿದ್ದ ಪುಟ್ಟ ಕೊಳವೆ ಹಂಚಿದ್ದಳು. ಡಾಕ್ಟರ ಮುಂದೆ ಮಲಗಲು ನಾಚುವವರು, ಮನೆಯಲ್ಲೇ ತಾವೇ ಒಳಗಿನ ಒದ್ದೆ ತೆಗೆದು ಕೊಡಲಿ ಎಂಬುದು ಅವಳದೇ ಉಪಾಯ. ಹೀಗೇ ಹಂಚಿದ್ದ ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಬೀದಿಗಳಲ್ಲಿ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ವೈರಸ್ಸು ಸಿಕ್ಕಿತ್ತು. ಕೆರೆಬೀದಿಯಲ್ಲಿ ಒಬ್ಬರಿಗೂ ಇಲ್ಲ! ಹಿಗ್ಗಿ ಹೀರೇಕಾಯಿಯಾಗಿ, ಮನೆಮನೆಗೆ ಹೋಗಿ ಶುಭಸುದ್ದಿ ಹೇಳಿ ಬಂದಿದ್ದಳು. ಆ ಧೈರ್ಯದ ಮೇಲೆಯೇ ಮಾಯಮ್ಮ, ಮುಟ್ಟು ನಿಂತ ಮೇಲೂ ಕಾಣುತ್ತಿದ್ದ ರಕ್ತವನ್ನು ಉಷ್ಣವೆಂದುಕೊಂಡು ಮಜ್ಜಿಗೆ ಕುಡಿಯುತ್ತ ವರ್ಷ ಕಳೆದಿದ್ದಳು.

“ಚಿಕ್ಕವ್ವ, ಕಡ್ಡೀನ ನಾನ್ ಹೇಳ್ದಂಗೇ ಇಟ್ಕಂಡಿದ್ದೆ ತಾನೆ?”

ಮಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಸ್ಥಿತಿಯಲ್ಲೂ ನಾಚಿಕೆ.

“ಥೂ, ನಾನೆಲ್ ಇಟ್ಕಂಡೆ? ಬೀದಿ ಕೊನೆ ಮಾರಮ್ಮ ಕೊಟ್ಳು.”

“ಮಾರಕ್ಕ ಅವಳ್ದು ಕೊಟ್ಳು. ನಿಂದು?”

“ನಂದೂ ಅವಳೇ ಕೊಟ್ಳು ಕಣವ್ವ. ಎಲ್ಲಾರ್ದೂವೆ. ಬೆಳಗಾದ್ರೆ ಫ್ಯಾಕ್ಟ್ರಿ ವ್ಯಾನು ಬಂದ್ಬುಡ್ತಿತ್ತು, ಹೆಂಗಸ್ರೆಲ್ಲ ಕಸ ಗುಡ್ಸಕ್ಕೆ ಹೊಂಟೋಗೋರು. ಯಾರಿಗಿತ್ತು ಪುರುಸೊತ್ತು? ಓದಿರೋ ಹುಡ್ಗೀನ ಬರಿಗೈಲಿ ಕಳಿಸ್ಬಾರ್ದು ಅಂತ ಅವಳೇ ಒಪ್ಕಂಡ್ಳು, ಪಾಪ.”

ಭಾನುಪ್ರಿಯ ಮಾತ್ರೆಯ ಚೀಲವನ್ನು ಜಗಲಿಯ ಮೇಲಿಟ್ಟಳು. ಈ ಬೀದಿಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯಬೇಡವೇ? ನ್ಯಾಯಬೆಲೆ ಅಂಗಡಿಯಲ್ಲಿ ಒಬ್ಬಳು ಸರದಿಗೆ ನಿಂತು ಎಲ್ಲರ ಸೀಮೆಎಣ್ಣೆ ತರುತ್ತಿದ್ದ ಬೀದಿಯಿದು. ಲ್ಯಾಬಿನಲ್ಲಿ ಪ್ರತಿ ಕೊಳವೆಯಲ್ಲೂ ಮನುಷ್ಯರ ಜೀವಕೋಶ ಇದೆಯೇ ಎಂದು ನೋಡಿದ್ದಳು. ಇತ್ತು. ಯಾರದು ಎಂದು ನೋಡಿರಲಿಲ್ಲ. ಒಬ್ಬಳ ಆರೋಗ್ಯವನ್ನು ಇಡೀ ಬೀದಿಗೆ ಹಂಚಿ ಬಂದಿದ್ದಳು.

ಬೀದಿಯ ಕೊನೆಗೆ ಓಡಿದಳು. ಕೊಳಚೆ ತುಂಬಿದ ಕೆರೆಯ ನೊರೆ ಗಾಳಿಗೆ ಹಾರಿ ಬಾಗಿಲುಗಳ ಮುಂದೆ ಬಿದ್ದಿತ್ತು, ಅದನ್ನು ಗಮನಿಸುವುದನ್ನು ಊರವರು ಎಂದೋ ಬಿಟ್ಟಿದ್ದರು. ಮನೆಗಳಿಗೆಲ್ಲ ಬೀಗ ಹಾಕಿತ್ತು. ಆ ಬೀಗಗಳ ಒಡತಿಯರಲ್ಲಿ ಇನ್ನು ಯಾರ ಒಡಲಲ್ಲಿ ಏನು ಬೆಳೆಯುತ್ತಿದೆಯೋ!

ಮಾರಮ್ಮ ಹಿತ್ತಲಲ್ಲಿ ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದಳು. ಗಟ್ಟಿಮುಟ್ಟಾದ ಜೀವ.

“ಚಿಕ್ಕವ್ವ ಉಳಿಯಕಿಲ್ಲ ಮಾರಕ್ಕ. ಕ್ಯಾನ್ಸರು.”

ಮಾರಮ್ಮ ಗೋಳೋ ಎಂದು ಅತ್ತಳು. ಹುಡುಗಿಯಾಗಿದ್ದಾಗಿನಿಂದ ಮಾಯಮ್ಮನ ಜೊತೆಗಿದ್ದವಳು, ಅಳದೆ ಇನ್ನೇನು ಮಾಡಿಯಾಳು? ಅವಳ ಮೇಲೆ ರೇಗಬೇಕೆಂದು ಬಂದಿದ್ದ ಭಾನುಪ್ರಿಯ ಅವಳ ಭುಜ ಹಿಡಿದುಕೊಂಡಳು. ಕೊನೆಗೆ, “ಬೀದಿಯೋರ್ದೆಲ್ಲ ಮತ್ತೆ ತಗೀಬೇಕು ಮಾರಕ್ಕ. ಎಲ್ಲಾರ್ದೂ. ಬೇಗ,” ಎಂದಷ್ಟೇ ಅಂದಳು.

ಮಾರಮ್ಮ ಮೂಗು ಸೀಟಿಕೊಂಡು ಮೇಲೆದ್ದಳು.

“ಅದ್ಕ್ಯಾಕವ್ವ ಇಷ್ಟು ಸಂಕಟ? ಕಡ್ಡಿ ತಂದಿದ್ರೆ ಇತ್ತ ಕೊಡು. ಅವ್ರೆಲ್ಲ ಕೆಲ್ಸಕ್ಕೋಗವ್ರೆ. ನಾನಿವ್ನಿ ಬುಡು.”

ಹಾಗೆಂದು ಕುಡುಗೋಲು ಕೆಳಗಿಟ್ಟು, ತೊಟ್ಟಿಯ ನೀರಿನಲ್ಲಿ ಕೈ ತೊಳೆದು, ಸೀರೆಗೆ ಒರೆಸಿಕೊಂಡು, ಭಾನುಪ್ರಿಯಳ ಮುಂದೆ ಎರಡೂ ಅಂಗೈ ಚಾಚಿ ನಿಂತಳು.