ಬೀಟೆ ಕುರ್ಚಿಯಲ್ಲಿ ಮೊದಲು ಕೂತವರು

ಬೆಳಕವಾಡಿಯ ಕೆಂಪಯ್ಯನವರ ಜಗಲಿಯಲ್ಲಿ ಬೆಳಗಿನಿಂದ ಪಾಲಿಶ್ ವಾಸನೆ. ಅವರ ತಂದೆಯ ಕಾಲದ ಬೀಟೆ ಕುರ್ಚಿ ಅಟ್ಟದಿಂದ ಇಳಿದು, ಹಳೇ ಬಣ್ಣ ಕೆರೆಸಿಕೊಂಡು, ಮುರಿದ ಹಿಂಗಾಲು ಜೋಡಿಸಿಕೊಂಡು ಮದುಮಗನ ಹಾಗೆ ಮಿಂಚುತ್ತಿತ್ತು. ಇಷ್ಟೂ ಮಾಡಿದವರು ಅದೇ ಊರಿನ ದಲಿತ ಕೇರಿಯ ರಾಜೇಂದ್ರ. ಹಳೇ ಮರದ ಸಾಮಾನು ಸರಿಮಾಡುವುದರಲ್ಲಿ ಮಳವಳ್ಳಿ ತನಕ ಹೆಸರಾದವರು.

ಕುರ್ಚಿ ಬೇಕಾಗಿದ್ದುದು ಕೆಂಪಯ್ಯನವರ ತಾಯಿ ಚಿಕ್ಕಬೋರಮ್ಮನಿಗೆ. ಪ್ಲಾಸ್ಟಿಕ್ ಕುರ್ಚಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ಅಜ್ಜಿ ಈಗಷ್ಟೇ ವಾಕರ್ ಹಿಡಿದು ನಡೆಯುತ್ತಿದ್ದರು. ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು.

ರಾಜೇಂದ್ರ ಕೈ ಒರೆಸಿಕೊಂಡು, "ನಾನೊಂದ್ಸಲ ಕೂತು ನೋಡ್ಬುಡ್ತೀನಿ ಗೌಡ್ರೆ. ಕೂತು ನೋಡ್ದೆ ಯಾರ್ಗೂ ಕುರ್ಚಿ ಕೊಡಕಿಲ್ಲ ನಾನು" ಎಂದರು.

ಕೆಂಪಯ್ಯ ಕುರ್ಚಿಗೆ ಅಡ್ಡ ನಿಂತರು. "ಅದು ನಮ್ಮಪ್ಪನ ಕುರ್ಚಿ ಕಣಪ್ಪ. ನಾನೇ ಕೂತೋನಲ್ಲ. ನೀನು ಕೂತ್ರೆ ನಾಳೆ ನಮ್ಮೋರು ಏನಂದಾರು? ಅಕ್ಕಿ ಮೂಟೆ ತತ್ತೀನಿ, ಇಟ್ಟು ನೋಡು."

"ಹದಿನೈದು ದಿನ ಮುಟ್ಟಿ, ಉಜ್ಜಿ, ಕಾಲು ಕೂರಿಸ್ದೋನು ನಾನು. ಕೂತ್ರೆ ಏನಾಯ್ತದೆ?" ರಾಜೇಂದ್ರರ ದನಿ ಏರಲಿಲ್ಲ. ಇಂಥ ಮಾತು ಅವರು ಕೇಳಿದ್ದು ಇದೇ ಮೊದಲಲ್ಲ.

ಮೂಟೆ ಬಂತು. ಕುರ್ಚಿ ಅದನ್ನು ಹೊತ್ತು ಅಲುಗದೆ ನಿಂತಿತು. ಕೆಂಪಯ್ಯನವರಿಗೆ ತಾವೇ ಪರೀಕ್ಷೆ ಪಾಸಾದಷ್ಟು ಸಮಾಧಾನ.

ಬಾಗಿಲಲ್ಲಿ ನಿಂತಿದ್ದ ಚಿಕ್ಕಬೋರಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಲೇ ಕೆಂಪ, ನಾನ್ ಬಿದ್ದಿದ್ದು ಕೂತಿದ್ದಾಗಲ್ಲ, ಏಳೋವಾಗ ಕಣ್ಲಾ. ಮೂಟೆ ಎದ್ದು ತೋರಿಸ್ತದಾ? ರಾಜೇಂದ್ರ, ಅದನ್ನ ಇಳಿಸ್ಬುಟ್ಟು ನೀನು ಕೂತ್ಕೊಳಪ್ಪ."

ಕೆಂಪಯ್ಯ ಪಕ್ಕಕ್ಕೆ ಸರಿದರು. ರಾಜೇಂದ್ರ ಮೂಟೆ ಇಳಿಸಿ ಕೂತು, ಕುರ್ಚಿಯ ತೋಳಿನ ಮೇಲೆ ಭಾರ ಹಾಕಿ ಎದ್ದರು. ಹಿಂದಿನ ಎಡಗಾಲು ಟಕ್ ಎಂದಿತು.

"ಸಡಿಲ ಅದೆ ಗೌಡ್ರೆ. ಅವ್ವ ಎದ್ದಿದ್ರೆ ವಾಲ್ಕೊಂಡು ಬಿದ್ಬುಡೋರು." ಕುರ್ಚಿ ಮಗುಚಿ, ಕೀಲಿಗೆ ತೆಳುವಾದ ಬೆಣೆ ಹೊಡೆದು ಮತ್ತೆ ನಿಲ್ಲಿಸಿದರು.

ಕೆಂಪಯ್ಯ ತಾಯಿಯನ್ನು ಒಮ್ಮೆ ನೋಡಿದರು. ಆಮೇಲೆ ಪಂಚೆ ಮೇಲೆ ಕಟ್ಟಿ ನೆಲದ ಮೇಲೆ ಮಂಡಿಯೂರಿ, ಕುರ್ಚಿಯ ಕಾಲಿಗೆ ಕಿವಿ ಹಚ್ಚಿದರು. "ಕೂತ್ಕೊ ರಾಜೇಂದ್ರ. ಸದ್ದು ಬತ್ತದಾ ನಾನು ಕೇಳ್ತೀನಿ."

ರಾಜೇಂದ್ರ ಕೂತರು, ಎದ್ದರು. ಸದ್ದಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಕೆಂಪಯ್ಯನವರ ದಾಯಾದಿ ಪುಟ್ಟರಾಜು ಬೈಕು ನಿಲ್ಲಿಸಿ, ಬಿಟ್ಟ ಬಾಯಿ ಬಿಟ್ಟಂತೆ ಜಗಲಿಯನ್ನೇ ನೋಡತೊಡಗಿದ.

ಕೆಂಪಯ್ಯ ಅವನನ್ನು ಕಂಡರು. ನೆಲದಿಂದ ಏಳಲಿಲ್ಲ.

"ಅವಸರ ಮಾಡ್ಬ್ಯಾಡ ಕಣಪ್ಪ," ಎಂದರು ರಾಜೇಂದ್ರರಿಗೆ. "ಇನ್ನೊಂದ್ಸಲ ಚೆನ್ನಾಗಿ ಒರಗಿ ಕೂತ್ಕೊ."