ಒಂಟಿಗೈ ಜಟ್ಟಿ ತಿರುಗುವುದಿಲ್ಲ

ಪರದೆಯ ಮೇಲೆ ಎಡಕ್ಕೆ ತಿರುಗಿದ ಕೂಡಲೇ ಒಂಟಿಗೈ ಜಟ್ಟಿಗೆ ಇಲ್ಲದ ಎಡಗೈ ಬಂದುಬಿಟ್ಟಿತು. ಇದ್ದ ಬಲಗೈ ಮಾಯವಾಯಿತು.

ಆಟ ತಯಾರಿಸುವ ಕಂಪನಿಯ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಮ್ಮಾ ಚುಕ್ಕಿ, ನಿನ್ನ ಜಟ್ಟಿ ಕೈನ ಅಂಗಿ ಥರ ಬಿಚ್ಚಿ ಆ ಕಡೆ ಹಾಕ್ಕೊಳ್ತಾಳಲ್ಲ!"

ಚುಕ್ಕಿ ನಗಲಿಲ್ಲ. ಒಂದೊಂದೇ ಚುಕ್ಕಿಯಿಟ್ಟು ಕಾದಾಟದ ವಿಡಿಯೋ ಆಟಕ್ಕೆ ಜಟ್ಟಿಗಳನ್ನು ಬರೆಯುವವಳೆಂದು ಅವಳಿಗೆ ಆ ಹೆಸರು. ಯಂತ್ರದ ಚಿಪ್‌ನಲ್ಲಿ ಜಾಗ ಕಡಿಮೆ. ಹಾಗಾಗಿ ಎಲ್ಲರನ್ನೂ ಬಲಕ್ಕೆ ಮುಖ ಮಾಡಿಸಿಯೇ ಬರೆಯುವುದು. ಎದುರಾಳಿ ಹಾರಿ ಬೆನ್ನ ಹಿಂದೆ ಇಳಿದರೆ ಯಂತ್ರವೇ ಆ ಚಿತ್ರವನ್ನು ಕನ್ನಡಿಯಂತೆ ಮಗುಚುತ್ತಿತ್ತು. ಎರಡು ಕೈಯವರಿಗೆ ಅದರಿಂದ ಬಾಧೆಯಿಲ್ಲ. ಒಂದೇ ಕೈಯವಳನ್ನು ಬರೆಯುವಾಗ ಚುಕ್ಕಿಗೆ ಇದು ಹೊಳೆದೇ ಇರಲಿಲ್ಲ.

"ಇನ್ನೊಂದು ಕೈ ಹಚ್ಚಿ ಮುಗಿಸು. ಇಲ್ಲಾಂದ್ರೆ ನಾಳೆ ಅವಳನ್ನ ಆಟದಿಂದ ತೆಗೀತೀನಿ."

"ಕೈ ಬರೆಯಲ್ಲ. ತೆಗೆಯೋಕೂ ಬಿಡಲ್ಲ."

"ಆಹಾ! ಆಟ ನಿಮ್ಮಪ್ಪಂದಾ?"

"ಜಟ್ಟಿ ನಮ್ಮ ಚಿಕ್ಕಮ್ಮ, ಸಾರ್."

ಚಿಕ್ಕಮ್ಮ ಕೆಳಗಿನ ಕೋಣೆಯಲ್ಲಿ ಆಟದ ಯಂತ್ರ ಕೂರಿಸುವ ಮರದ ಪೆಟ್ಟಿಗೆಗಳಿಗೆ ಬಣ್ಣ ಬಳಿಯುತ್ತಿದ್ದಳು. ಅವಳ ಎಡಗೈಯನ್ನು ಮರ ಕೊಯ್ಯುವ ಯಂತ್ರ ಎಂದೋ ನುಂಗಿತ್ತು. ಊಟದ ಹೊತ್ತಿಗೆ ವಿಷಯ ಕೇಳಿ, "ಕೈ ಕೊಟ್ರೆ ಬೇಡ ಅನ್ನಲ್ಲ ಕಣೇ, ಬೆನ್ನು ಕೆರ್ಕೊಳ್ಳೋಕೆ ಬೇಕಿತ್ತು" ಎಂದಳು. ಆಮೇಲೆ ದನಿ ತಗ್ಗಿಸಿ, "ನಾನಿರೋ ಹಾಗೇ ನಿಲ್ಲಿಸು. ಆಗಲ್ವಾ, ನಿಲ್ಲಿಸಲೇಬೇಡ."

ಚುಕ್ಕಿ ಮೆಟ್ಟಿಲು ಹತ್ತಿ ಬಂದವಳೇ ಪ್ರೋಗ್ರಾಂ ಬರೆಯುವವನ ಕುರ್ಚಿ ಹಿಡಿದು ನಿಂತಳು. "ಅಣ್ಣಾ, ಇವಳನ್ನ ಮಗುಚಲೇಬೇಡ. ಯಾರು ಹಿಂದೆ ಬಂದ್ರೂ ಇವಳು ತಿರುಗಲ್ಲ."

"ತಲೆ ಕೆಟ್ಟಿದ್ಯಾ? ಇವಳೇ ಬಲಗಡೆ ನಿಂತು ಆಟ ಶುರು ಮಾಡಿದ್ರೆ? ಎದುರಾಳಿ ಎಡಕ್ಕಿರ್ತಾನಲ್ಲ!"

"ಬೆನ್ನು ಕೊಟ್ಟೇ ಶುರು ಮಾಡ್ತಾಳೆ. ಹಿಂದಕ್ಕೆ ಒದೀತಾಳೆ, ಮೊಣಕೈಯಲ್ಲಿ ತಿವೀತಾಳೆ. ಬರೆದು ಕೊಡ್ತೀನಿ."

"ಅದಕ್ಕೆ ಜಾಗ?"

"ಇವಳು ಗೆದ್ದಾಗ ಕುಣಿಯೋ ಚಿತ್ರಗಳನ್ನೆಲ್ಲ ಅಳಿಸು."

ಮರುದಿನ ಯಜಮಾನರೇ ಚುಕ್ಕಿಯೆದುರು ಆಡಲು ನಿಂತರು. ಹಾರಿದರು, ಒಂಟಿಗೈಯವಳ ಬೆನ್ನ ಹಿಂದೆ ಇಳಿದರು. ಅವಳು ಹೊರಳಿಯೂ ನೋಡದೆ ಝಾಡಿಸಿ ಒದ್ದಳು. ಮತ್ತೆ ಹಾರಿದರು, ಮೊಣಕೈ ಪಕ್ಕೆಗೆ ಬಿತ್ತು. ಯಜಮಾನರ ಜಟ್ಟಿ ಮಲಗಿದವನು ಏಳಲಿಲ್ಲ. ಗೆದ್ದವಳು ಅವನಿಗೆ ಬೆನ್ನು ಹಾಕಿ ಸುಮ್ಮನೆ ನಿಂತಿದ್ದಳು.

"ಕುಣಿಯೋದಿಲ್ವಾ? ಏನು ಸೊಕ್ಕು ನಿಮ್ಮ ಚಿಕ್ಕಮ್ಮಂಗೆ!" ಯಜಮಾನರ ಕಿವಿ ಕೆಂಪಾಗಿತ್ತು. "ಇನ್ನೊಂದಾಟ ಹಾಕು."

"ಇವಳು ಆಟದಲ್ಲಿ ಇರ್ತಾಳಾ, ಸಾರ್?"

"ನಾನು ಸೋಲಿಸೋವರೆಗೂ ಇರ್ತಾಳೆ. ಹಾಕು ಅಂದ್ನಲ್ಲ!"

"ಹಾಗಾದ್ರೆ ಇದ್ದೇ ಇರ್ತಾಳೆ," ಎಂದು ಚುಕ್ಕಿ ಗುಂಡಿ ಒತ್ತಿದಳು.