ಹಸಿರು ಗಡಿಯಾರ ಹತ್ತಿದ ಎತ್ತರ

ಬೂದಿ ಬಳಿದುಕೊಂಡವರನ್ನು, ಗೂಳಿಯ ಜೊತೆ ಹರಟೆ ಹೊಡೆಯುವವರನ್ನು ಕಂಡೂ ಕಾಣದಂತೆ ಹೋಗುವ ಬಂಗಾಲಿ ಟೋಲಾದ ಜನ ಹಯವದನನ ಕೈಗಳನ್ನು ಮಾತ್ರ ನಿಂತು ನೋಡುತ್ತಿದ್ದರು. ಎರಡು ಕೈಗೂ ಒಂದೊಂದು ಗಡಿಯಾರ ಕಟ್ಟಿಕೊಂಡು ತಿರುಗುವವನು ಕಾಶಿಯಂಥ ಕಾಶಿಯಲ್ಲೂ ಅವನೊಬ್ಬನೇ. ಮೈಸೂರಿನವನು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಮೇಷ್ಟರು. ಕೇದಾರ ಘಾಟಿನಲ್ಲಿ ಕರ್ನಾಟಕದ ಯಾತ್ರಿಗಳಿಗೆ ಪೌರೋಹಿತ್ಯ ಮಾಡಿಸುವ ಬದರೀನಾರಾಯಣ ಭಟ್ಟರ ಒಬ್ಬಳೇ ಮಗಳು ಕೌಸಲ್ಯಾಳನ್ನು ಮದುವೆಯಾಗಿ ಈ ಊರಿಗೇ ಅಂಟಿಕೊಂಡಿದ್ದ. ತನಗೆ ಇಬ್ಬರು ಸವತಿಯರು, ಒಬ್ಬಳು ಎಡಗೈಯಲ್ಲಿ, ಒಬ್ಬಳು ಬಲಗೈಯಲ್ಲಿ ಎಂದು ಕೌಸಲ್ಯಾ ಬಂದವರೆದುರೆಲ್ಲ ಹೇಳಿ ನಗಿಸುತ್ತಿದ್ದಳು.

ಹುಚ್ಚು ಎಂದರೆ ಹುಚ್ಚೇ. ಎಡಗೈಯದು ಕಪ್ಪು, ಹೊಸದು, ದುಬಾರಿ. ಉಪಗ್ರಹ ಹುಡುಕುತ್ತದೆ, ಕಾಡಿನಲ್ಲಿ ದಾರಿ ತೋರಿಸುತ್ತದೆ. ಬಲಗೈಯದು ಹಸಿರು, ಹಳೆಯದು, ಬಿಸಿಲು ಕುಡಿದೇ ಬದುಕುವ ಜಾತಿ. ಹಿಮಾಲಯದ ಬಂಡೆಗೆ ಬಡಿದಾಗಲೂ ಜಪ್ಪಯ್ಯ ಎಂದಿರಲಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಪರೀಕ್ಷೆ ನಡೆಸಿ, ತನ್ನಂಥವೇ ತಲೆಗಳಿರುವ ವಾಟ್ಸಾಪ್ ಗುಂಪಿಗೆ ವರದಿ ಒಪ್ಪಿಸುವುದು ಅವನ ಬೇಸಿಗೆಯ ಕಸುಬಾಗಿತ್ತು. ನೀರಲ್ಲಿ ಮುಳುಗಿಸಿದ್ದಾಯಿತು, ಫ್ರಿಜ್ಜಿನಲ್ಲಿಟ್ಟಿದ್ದಾಯಿತು. ಎತ್ತರದ ಪರೀಕ್ಷೆ ಒಂದು ಬಾಕಿಯಿತ್ತು.

ಎರಡಕ್ಕೂ ಎತ್ತರ ತಿಳಿಯುವುದು ಗಾಳಿಯ ಒತ್ತಡದಿಂದ. ಬೆಟ್ಟ ಹತ್ತಿದಂತೆ ಒತ್ತಡ ಇಳಿಯುತ್ತದೆ. ಹಸಿರಿನದು ನೇರ ಬುದ್ಧಿ: ಒತ್ತಡ ಇಳಿಯಿತೆಂದರೆ ಕಟ್ಟಿಕೊಂಡವರು ಮೇಲೆ ಹತ್ತಿದರು ಎಂದೇ ಅದರ ಲೆಕ್ಕ. ಕಪ್ಪಿನದು ಚಾಲಾಕಿ ಬುದ್ಧಿ: ಕಟ್ಟಿಕೊಂಡವರು ಕೂತಲ್ಲೇ ಇದ್ದರೆ ಎತ್ತರವನ್ನು ಮುಟ್ಟದೆ, ಬದಲಾದದ್ದು ಹವೆ ಎಂದು ತಿಳಿದು, ಒತ್ತಡ ಸರ್ರನೆ ಇಳಿದರೆ ಬಿರುಗಾಳಿ ಬರುತ್ತದೆಂದು ಕೂಗುತ್ತಿತ್ತು. ಆ ಬೇಸಿಗೆಯಲ್ಲಿ ಅದು ಕೂಗಿದಾಗಲೆಲ್ಲ ಊರಿನವರು ಆಂಧಿ ಎನ್ನುವ ದೂಳಿನ ಬಿರುಗಾಳಿ ಎದ್ದು ಬಂದಿತ್ತು. ಅಲ್ಲಿಂದ ಮುಂದೆ ಹವೆಯ ಮಾತು ಬಂದರೆ ಮನೆಯವರಿಗೆಲ್ಲ ಹಯವದನನೇ ಪಂಚಾಂಗ. ಆದರೆ ಹೋದ ವಾರ ಯಾರದೋ ಪಿಂಡಪ್ರದಾನದ ನಡುವೆ ಆ ಕಪ್ಪು ಗಡಿಯಾರ ಕೀಚಲು ದನಿ ತೆಗೆದು, ಮಾವನವರು ಕಣ್ಣು ಕೆಂಪಗೆ ಮಾಡಿದ್ದರಿಂದ, ಅವನು ಆ ಕೂಗನ್ನು ನಿಲ್ಲಿಸಿಬಿಟ್ಟಿದ್ದ. ಮತ್ತೆ ಶುರುಮಾಡುವುದು ಮರೆತೇಹೋಗಿತ್ತು.

ಅಧಿಕ ಮಾಸ. ಘಾಟಿನ ಮೆಟ್ಟಿಲ ಮೇಲೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅತ್ತೆ ತುಳಸಮ್ಮನಿಗೆ ಈ ಗದ್ದಲದಲ್ಲಿ ಗಂಗಾಪೂಜೆ ಮಾಡಿದರೆ ಮನಸ್ಸಿಗೆ ಹತ್ತದು. ಆಚೆ ದಡದ ಮರಳಿನ ಮೇಲೆ ಕೂತು ಪೂಜೆ ಮಾಡಿ, ಸಂಜೆಗೆ ದೀಪ ಬಿಟ್ಟು ಬರುತ್ತೇನೆಂದು ಹಟ ಹಿಡಿದರು. ಪರಿಚಯದ ಅಂಬಿಗ ಲಲ್ಲನ್ ತನ್ನ ಹುಟ್ಟಿನ ದೋಣಿ ತಂದ. ಕೌಸಲ್ಯಾ ತಾಯಿಯ ಜೊತೆ ಹೊರಟಾಗ ಹಯವದನನಿಗೆ ಪರೀಕ್ಷೆ ನೆನಪಾಯಿತು. ಹಸಿರನ್ನು ಬಿಚ್ಚಿ ಅವಳ ಕೈಗೆ ಕಟ್ಟಿದ. ಅವಳು ಆಚೆ ದಡದಲ್ಲಿ, ತಾನು ಈಚೆ ಘಾಟಿನಲ್ಲಿ, ಇಬ್ಬರೂ ಕೂತಲ್ಲೇ ಕೂತಿರಬೇಕು. ಯಾವ ಗಡಿಯಾರದ ಎತ್ತರ ಕದಲುತ್ತದೋ ಅದು ಸೋತಂತೆ. ಸವತಿಯನ್ನು ತನ್ನ ಕೈಗೇ ಕಟ್ಟಿದಿರಲ್ಲ ಎಂದು ಅವಳು ನಗುತ್ತ ದೋಣಿ ಹತ್ತಿದಳು.

ಸಂಜೆಯ ಹೊತ್ತಿಗೆ ಗಾಳಿ ನಿಂತುಹೋಯಿತು. ಘಾಟಿನ ಮೇಲೆ ನೆಟ್ಟ ದೊಡ್ಡ ಛತ್ರಿಗಳ ಅಂಚು ಕೂಡ ಅಲುಗಲಿಲ್ಲ. ಮೈಯೆಲ್ಲ ಬೆವರು. ಹಯವದನ ಮೆಟ್ಟಿಲ ಮೇಲೆ ಮಾವನವರ ಪಕ್ಕ ಕೂತಿದ್ದಾಗ ಕೌಸಲ್ಯಾಳ ಫೋನು ಬಂತು.

"ರೀ, ನಿಮ್ಮ ಘಡಿ ಪಾಗಲ್ ಆಗಿದೆ. ನಾನು ಮರಳ ಮೇಲೆ ಕೂತಿದೀನಿ, ಇದು ಇಪ್ಪತ್ತೈದು ಮೀಟರ್ ಮೇಲೆ ಹತ್ತಿದೀನಿ ಅಂತಿದೆ. ಕೂತ ಹಾಗೇ ಏರ್ತಾನೇ ಇದೆ."

ಹಯವದನನಿಗೆ ಹಬ್ಬವಾಯಿತು. ಕಪ್ಪನ್ನು ನೋಡಿದ: ಎತ್ತರ ಒಂದು ಮೀಟರೂ ಕದಲಿರಲಿಲ್ಲ. ಗೆದ್ದವನು ಕಪ್ಪಣ್ಣ. ಊರಿನ ಹಿಂದೆ ಆಕಾಶ ಮಸುಕಾಗಿ ಕಾಣುತ್ತಿದೆ, ಹೊರಟುಬಿಡೋಣವೇ ಎಂದು ಅವಳು ಕೇಳಿದ್ದು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ಬೆನ್ನಿಗೆ ಎತ್ತರದ ಕಟ್ಟಡಗಳು. ಪಡುವಣ ಆಕಾಶ ಅವನಿಗೆ ಕಾಣುವಂತಿರಲಿಲ್ಲ.

"ಬೇಡ, ಅಲ್ಲೇ ಕೂತ್ಕೊಳ್ಳಿ. ಅತ್ತೆ ಪೂಜೆ ನಿಧಾನವಾಗಿ ಮುಗಿಸ್ಲಿ. ನೀನು ಅಲುಗಾಡದೆ ಕೂತಷ್ಟೂ ಹಸಿರು ಎಷ್ಟು ಸುಳ್ಳು ಹೇಳತ್ತೆ ಅಂತ ಗೊತ್ತಾಗತ್ತೆ."

ಭಟ್ಟರು ಈ ಮಾತು ಕೇಳಿಸಿಕೊಂಡು, ಹೆಂಗಸರು ನಿಧಾನವಾಗಿ ಬರಲಿ ಎಂದು ಎದ್ದು, ಮೇಲಿನ ಛತ್ರದಲ್ಲಿ ಕಾಯುತ್ತಿದ್ದ ಯಾತ್ರಿಗಳಿಗೆ ಸಂಕಲ್ಪ ಹೇಳಿಸಲು ಹೋದರು.

ಹಯವದನ ಗುಂಪಿಗೆ ಕಪ್ಪಿನ ಗೆಲುವನ್ನು ಬರೆಯತೊಡಗಿದ. ಹಸಿರಿಗೆ ಭ್ರಮೆ, ಕೂತವರನ್ನು ಬೆಟ್ಟ ಹತ್ತಿಸುತ್ತದೆ ಎಂದು ಬರೆದು ತಾನೇ ನಕ್ಕ. ಜೊತೆಗೊಂದು ಚಿತ್ರ ಇರಲಿ ಎಂದು ಕಪ್ಪಿನ ಗುಂಡಿ ಒತ್ತಿ ಒತ್ತಡದ ಗೆರೆಯನ್ನು ತೆರೆದ. ಗೆರೆ ಒಂದೇ ಸಮ ಕೆಳಗಿಳಿದಿತ್ತು. ಅವನ ಬೆರಳು ನಿಂತಿತು. ಹಸಿರು ಸುಳ್ಳು ಹೇಳಿರಲಿಲ್ಲ. ಹಸಿರು ಎತ್ತರ ಏರಿದೆ ಎಂದದ್ದೂ, ಕಪ್ಪು ಬಾಯಿ ಮುಚ್ಚಿಕೊಂಡು ಗೆರೆ ಇಳಿಸಿದ್ದೂ ಇಳಿಯುತ್ತಿದ್ದ ಅದೇ ಒತ್ತಡವನ್ನು ಕಂಡು. ಬಾಯಿ ಮುಚ್ಚಿಸಿದವನು ತಾನೇ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ತನಗೆ ಕೆಡುವ ಮೊದಲೇ ಬಂತು, ದೇವರು ದೊಡ್ಡವನು ಎಂದುಕೊಂಡು ಅವನು ಫೋನು ಹಚ್ಚಿದ. ಪೂಜೆ ಅರ್ಧವಾಗಿದೆ ಎಂದಳು ಕೌಸಲ್ಯಾ.

"ಇರಲಿ ಬಿಡು. ಆಂಧಿ ಬರತ್ತೆ. ಈಗಲೇ ದೋಣಿ ಹತ್ತಿ ಬಂದ್ಬಿಡಿ."

"ಅರ್ಧಕ್ಕೆ ಏಳೋದು ಒಳ್ಳೇದಲ್ಲ ಅಂತಾರೆ ಅಮ್ಮ. ಇಲ್ಲಿರೋ ಬೇರೆ ಯಾತ್ರಿಗಳು ಯಾರೂ ಏಳ್ತಿಲ್ಲ."

"ಅವರಿಗೇನು ಗೊತ್ತು? ನಾನು ಹೇಳ್ತಿದೀನಿ, ಏಳಿ."

ಹವೆಯ ವಿಷಯದಲ್ಲಿ ಅವನ ಮಾತೇ ಕೊನೆ. ಅವಳು ಎದ್ದಳು. ಈಚೆಯಿಂದ ಅವನಿಗೆ ಕಂಡಿತು: ಸಣ್ಣ ಸಣ್ಣ ಮನುಷ್ಯರು ಮರಳಿನಿಂದ ನೀರಿನ ಕಡೆ ನಡೆದರು, ಒಬ್ಬರನ್ನು ಇನ್ನೊಬ್ಬರು ಕೈಹಿಡಿದು ದೋಣಿಗೆ ಹತ್ತಿಸಿದರು, ದೋಣಿ ದಡ ಬಿಟ್ಟಿತು. ಲಲ್ಲನ್ ಜೋರಾಗಿಯೇ ಹುಟ್ಟು ಹಾಕುತ್ತಿದ್ದ. ನೀರು ಎಣ್ಣೆಯ ಹಾಗೆ ಸುಮ್ಮನಿತ್ತು. ಬರಲಿ, ಬೇಗ ಬರಲಿ ಎಂದು ಹಯವದನ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದ.

ದೋಣಿ ನಡುಹೊಳೆಗೆ ಬಂದಾಗ ಅವನ ಬೆನ್ನ ಹಿಂದೆ ಎಲ್ಲೋ ತಗಡಿನ ಹಾಳೆ ಕಿತ್ತು ಬಿದ್ದ ಸದ್ದಾಯಿತು. ಆಮೇಲೆ ಊರಿಗೆ ಊರೇ ದೂಳಾಗಿ ಮೆಟ್ಟಿಲಿಳಿದು ಬಂತು. ಛತ್ರಿಗಳು ಬುಡಸಮೇತ ಎದ್ದುಹೋದವು. ಜನ ಗೋಡೆಗಳನ್ನು ತಬ್ಬಿಕೊಂಡರು. ಹಯವದನ ನೀರಿನ ತನಕ ಓಡಿ ಕೂಗಿದ. ತನ್ನ ಕೂಗು ತನಗೇ ಕೇಳಿಸಲಿಲ್ಲ. ಕಣ್ಣು ಬಿಡಲಾಗದು, ಬಿಟ್ಟರೂ ಹಳದಿ ಕತ್ತಲೆ. ಮೊಣಕಾಲಿನ ತನಕ ನೀರಲ್ಲಿ ನಿಂತು, ಕೈಲಿದ್ದ ಫೋನಿನಲ್ಲಿ ಅವಳ ಹೆಸರನ್ನು ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ. ಮೊದಮೊದಲು ಆಚೆ ಗಂಟೆ ಹೊಡೆದುಕೊಂಡಿತು. ಆಮೇಲೆ ಅದೂ ಇಲ್ಲ.

ದೂಳು ತೆಳುವಾದಾಗ ಮೊದಲು ಕಂಡದ್ದು ಆಚೆ ದಡ. ಅಲ್ಲೇ ಉಳಿದಿದ್ದ ಯಾತ್ರಿಗಳು ಮರಳಿನ ಮೇಲೆ ಬೋರಲು ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು, ಸೀರೆ ಪಂಚೆ ಕೊಡವಿಕೊಳ್ಳುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ನಡುಹೊಳೆಯಲ್ಲಿ ಏನೂ ಇರಲಿಲ್ಲ. ಪಕ್ಕದ ಘಾಟಿನಿಂದ ಅಂಬಿಗರು ಕೂಗಾಡುತ್ತ ಎರಡು ಮೋಟಾರು ದೋಣಿಗಳನ್ನು ಹೊಳೆ ಹರಿಯುವ ಕಡೆಗೆ ಬಿಟ್ಟರು.

ಭಟ್ಟರು ಮೆಟ್ಟಿಲಿಳಿದು ಬಂದರು. ತಲೆ, ಹುಬ್ಬು, ಜನಿವಾರ ಎಲ್ಲ ದೂಳು. ಅಳಿಯನ ಪಕ್ಕ ನಿಂತು ಆಚೆ ದಡ ನೋಡಿ ನಿಟ್ಟುಸಿರು ಬಿಟ್ಟರು.

"ಅಲ್ಲೇ ಕೂತ್ಕೊಳ್ಳಿ ಅಂದ್ರಲ್ಲ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಹೊಳೆ ಮೇಲಿದ್ದಿದ್ರೆ ಏನು ಗತಿ. ನನ್ನ ಕಣ್ಣಿಗೆ ಅಷ್ಟು ದೂರ ಹತ್ತೋದಿಲ್ಲ. ಅವರಲ್ಲಿ ನಮ್ಮೋರು ಯಾರು, ತೋರಿಸಿ."

ಹಯವದನ ನಡುಹೊಳೆಯಿಂದ ಕಣ್ಣು ಕೀಳದೆ ಹೇಳಿದ.

"ಆಮೇಲೆ ನಾನೇ ಹೊರಡಿ ಅಂದೆ, ಮಾವ."

ಭಟ್ಟರು ಕೇಳಿಸಿಕೊಂಡರೋ ಇಲ್ಲವೋ. ಹಣೆಗೆ ಕೈ ಅಡ್ಡ ಹಿಡಿದು, ಆಚೆ ದಡದಲ್ಲಿ ಎದ್ದು ನಿಂತವರನ್ನು ಒಂದು ಕೊನೆಯಿಂದ ಒಬ್ಬೊಬ್ಬರನ್ನಾಗಿ ನೋಡತೊಡಗಿದರು.